ಐಟಿಐ ಫಿಟ್ಟರ್: ಅರ್ಜಿ ಹಾಕಿದ ದಿನದಿಂದ ಅಪ್ರೆಂಟಿಸ್ ಸರ್ಟಿಫಿಕೇಟ್ ಕೈಗೆ ಬರುವವರೆಗೆ

ಐಟಿಐಯಲ್ಲಿ ಎರಡು ವರ್ಷ, ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಒಂದು ವರ್ಷ. ಕಾಗದದ ಲೆಕ್ಕಕ್ಕೆ ಫಿಟ್ಟರ್, ಅಂದರೆ ಯಂತ್ರದ ಭಾಗಗಳನ್ನು ಅಳತೆಗೆ ತಂದು ಜೋಡಿಸುವವರು, ಆಗಲು ಮೂರು ವರ್ಷ ಸಾಕು. ಸೀಟು ಹಂಚಿಕೆಗೆ, ಫಲಿತಾಂಶಕ್ಕೆ, ಕಾಂಟ್ರಾಕ್ಟ್ ನೋಂದಣಿಗೆ, ಕೊನೆಯ ಪರೀಕ್ಷೆಗೆ ಅಂತ ಕಾದ ತಿಂಗಳುಗಳನ್ನೂ ಸೇರಿಸಿದರೆ ಲೆಕ್ಕ ಬೇರೆಯೇ ಆಗುತ್ತದೆ. ಅಪ್ರೆಂಟಿಸ್ ಸರ್ಟಿಫಿಕೇಟ್ ಡೌನ್‌ಲೋಡ್ ಆದ ಮೇಲೆ ಹಿಂತಿರುಗಿ ನೋಡಿದರೆ, ಕಷ್ಟ ಕೊಟ್ಟದ್ದು ಕಬ್ಬಿಣ ಸ್ವಲ್ಪ, ಕಾಗದ ಜಾಸ್ತಿ. ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಸರ್ಕಾರಿ ಐಟಿಐ ಕಡೆ ನೋಡುತ್ತಿರುವವರಿಗೆ ಎರಡರ ಬಗ್ಗೆಯೂ ಗೊತ್ತಿರಲಿ ಅಂತ ಇದನ್ನು ನಡೆದ ಕ್ರಮದಲ್ಲೇ ಬರೆದಿದೆ.

ಮೊದಲು ಟ್ರೇಡ್, ಅಂದರೆ ಕಲಿಯುವ ಕಸುಬು. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಎರಡು ವರ್ಷದವು. ವೆಲ್ಡರ್ ಒಂದು ವರ್ಷದ್ದು. ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೆ ಏರಿಸಿ, 2022ರ ಜೂನ್‌ನಲ್ಲಿ ಉದ್ಘಾಟನೆ ಮಾಡಿದರು. ಅಲ್ಲಿ ಅಡ್ವಾನ್ಸ್ಡ್ ಸಿಎನ್‌ಸಿ ಮೆಷಿನಿಂಗ್, ಇಂಡಸ್ಟ್ರಿಯಲ್ ರೊಬೊಟಿಕ್ಸ್, ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್‌ನಂಥ ಹೊಸ ಟ್ರೇಡುಗಳಿವೆ. ಯಂತ್ರಗಳು ಹೊಸವು, ನೋಡಿದರೆ ಆಸೆಯಾಗುತ್ತದೆ. ಆದರೆ ರೈಲ್ವೆ, ಸಾರ್ವಜನಿಕ ಉದ್ದಿಮೆಗಳ ಅಪ್ರೆಂಟಿಸ್ ಜಾಹೀರಾತುಗಳಲ್ಲಿ ಟ್ರೇಡಿನ ಹೆಸರು ಅಕ್ಷರಶಃ ಹೊಂದಬೇಕು. ಹೊಸ ಟ್ರೇಡ್ ಸೇರುವ ಮುಂಚೆ ಹಿಂದಿನ ಒಂದೆರಡು ವರ್ಷದ ಜಾಹೀರಾತುಗಳನ್ನು ತೆಗೆದು, ಆ ಹೆಸರು ಅದರಲ್ಲಿ ಇದೆಯೇ ಅಂತ ನೋಡಿ. ಫಿಟ್ಟರ್ ಹಳೆಯ ಹೆಸರು, ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಅದನ್ನು ಆರಿಸಿಕೊಳ್ಳಲು ಅದೊಂದೇ ಕಾರಣ ಸಾಕು ಅನ್ನಿಸುತ್ತದೆ.

ಎರಡನೆಯದು, ಸಂಸ್ಥೆ. ಬೋರ್ಡಿನ ಮೇಲೆ ಐಟಿಐ ಅಂತ ಬರೆದಿದ್ದ ಮಾತ್ರಕ್ಕೆ ಆ ಟ್ರೇಡಿಗೆ ಕೇಂದ್ರದ ಮಾನ್ಯತೆ ಇದೆ ಅಂತಲ್ಲ. ಮಾನ್ಯತೆ ಕೊಡುವುದು ಟ್ರೇಡಿಗೆ, ಯೂನಿಟ್ಟಿಗೆ. ಫಿಟ್ಟರಿನ ಒಂದು ಯೂನಿಟ್ ಅಂದರೆ 20 ಜನ. ಕೇಂದ್ರದ ಪೋರ್ಟಲ್‌ನಲ್ಲಿ ಆ ಐಟಿಐಯ ಹೆಸರಿನ ಎದುರು ನಿಮ್ಮ ಟ್ರೇಡ್, ಎಷ್ಟು ಯೂನಿಟ್ ಅಂತ ಇರಬೇಕು. ಖಾಸಗಿ ಸಂಸ್ಥೆಯಾದರೆ ಇದನ್ನು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಸಾಧ್ಯವಾದರೆ ಒಮ್ಮೆ ವರ್ಕ್‌ಶಾಪ್‌ ಒಳಗೆ ಹೋಗಿ ಬನ್ನಿ. ಬೆಂಚಿನ ಮೇಲೆ ಲೋಹದ ತುಂಡನ್ನು ಬಿಗಿಯಾಗಿ ಹಿಡಿಯುವ ವೈಸ್ ಎಷ್ಟಿವೆ ಎಣಿಸಿ. ಇಪ್ಪತ್ತು ಜನರಿಗೆ ಎಂಟು ವೈಸ್ ಇದ್ದರೆ, ಎರಡು ವರ್ಷದಲ್ಲಿ ಅರ ಹಿಡಿಯುವ ಸಮಯ ಅರ್ಧಕ್ಕಿಂತ ಕಡಿಮೆ. ತುಕ್ಕು ಹಿಡಿದ ಲೇಥ್ ಕಂಡರೆ ಮೋಟಾರ್ ತಿರುಗುತ್ತದೆಯೇ ಕೇಳಿ. ಮುಖ್ಯವಾಗಿ ಸ್ಕ್ರ್ಯಾಪ್ ಡಬ್ಬದೊಳಗೆ ನೋಡಿ. ಅದರಲ್ಲಿ ಹೊಸ ಹೊಳೆಯುವ ಚೂರುಗಳಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ.

ಅರ್ಜಿ ಆನ್‌ಲೈನ್. ಸರ್ಕಾರಿ ಸೀಟು ಎಸ್ಸೆಸ್ಸೆಲ್ಸಿ ಅಂಕದ ಮೆರಿಟ್ ಮೇಲೆ, ಮೀಸಲಾತಿ ಪ್ರಕಾರ ಸಿಗುತ್ತದೆ. ಅರ್ಜಿ ತುಂಬಲು ಅರ್ಧ ಗಂಟೆ ಸಾಕು, ದಾಖಲೆ ಹೊಂದಿಸಲು ತಿಂಗಳು ಬೇಕು. ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ, ಆಧಾರ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೊ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೇಳುವುದಾದರೆ ಓದಿದ ಶಾಲೆಯಿಂದ ಪ್ರಮಾಣಪತ್ರ ಬರೆಸಿ ಬಿಇಒ ಮೇಲುಸಹಿ ಹಾಕಿಸಬೇಕು. ಕಲ್ಯಾಣ ಕರ್ನಾಟಕದವರಿಗೆ ಪ್ರಾದೇಶಿಕ ಮೀಸಲಾತಿಯ 371ಜೆ ಪ್ರಮಾಣಪತ್ರವೂ ಬೇಕು. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಗೂ ಹೋಗಿ ಬರಬೇಕು. ಬೇಸಿಗೆ ರಜೆಯಲ್ಲಿ ಮುಖ್ಯ ಶಿಕ್ಷಕರು ಸಿಗುವುದಿಲ್ಲ. ಫಲಿತಾಂಶ ಬರುವವರೆಗೆ ಕಾಯದೆ ಏಪ್ರಿಲ್‌ನಲ್ಲೇ ಶುರು ಮಾಡಿದವರು ಬಚಾವ್. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಹೈಸ್ಕೂಲಿಗೆ ಸೇರುವಾಗ ಮಾಡಿಸಿದ್ದು ಐಟಿಐಯ ಎರಡನೇ ವರ್ಷಕ್ಕೆ ಮುಗಿಯಬಹುದು, ಆಗ ವಿದ್ಯಾರ್ಥಿವೇತನ ನಿಲ್ಲುತ್ತದೆ. ಮೇಲಿರುವ ದಿನಾಂಕ ಈಗಲೇ ನೋಡಿ.

ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೇ ತರಹ. ನಮ್ಮ ಬ್ಯಾಚಿನಲ್ಲಿ ಇಂಥವರು ಒಬ್ಬಿಬ್ಬರಲ್ಲ. ಪ್ರವೇಶದ ದಿನ ಯಾರೂ ತಕರಾರು ತೆಗೆಯುವುದಿಲ್ಲ, ಅದೇ ಅಪಾಯ. ತಕರಾರು ಬರುವುದು ಎರಡು ವರ್ಷದ ನಂತರ, ಐಟಿಐ ಪಾಸಾದಾಗ ಸಿಗುವ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಆಧಾರಿನಿಂದ ಬಂದ ಇನ್ನೊಂದು ಹೆಸರು ಕೂತಾಗ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸಬೇಕೆಂದರೆ ಶಾಲೆಯ ಮೂಲಕ ಮಂಡಳಿಯವರೆಗೆ ಹೋಗಬೇಕು, ಆಧಾರ್ ಸೇವಾ ಕೇಂದ್ರದ ಕೆಲಸ ಅದಕ್ಕಿಂತ ಸುಲಭ. ಆದ್ದರಿಂದ ಅಂಕಪಟ್ಟಿಯನ್ನು ಮೂಲ ಅಂತಿಟ್ಟುಕೊಂಡು, ಆಧಾರನ್ನೂ ಬ್ಯಾಂಕ್ ಖಾತೆಯನ್ನೂ ಅದಕ್ಕೆ ಸರಿಹೊಂದಿಸಿ, ಅಕ್ಷರ, ಚುಕ್ಕೆ, ಖಾಲಿ ಜಾಗ ಸಮೇತ. ಮೊಬೈಲ್ ನಂಬರ್ ಮೂರು ವರ್ಷ ಬದಲಿಸಬೇಡಿ, ಪ್ರತಿ ಹಂತದಲ್ಲೂ ಒಟಿಪಿ ಅದಕ್ಕೇ ಬರುತ್ತದೆ.

ಮೆರಿಟ್ ಪಟ್ಟಿ, ಮೊದಲ ಸುತ್ತು, ಎರಡನೇ ಸುತ್ತು ಅಂತ ವಾರಗಳು ಹೋಗುತ್ತವೆ. ಪಿಯುಸಿಗೆ ಸೇರಿದ ಗೆಳೆಯರ ಕ್ಲಾಸ್ ಶುರುವಾಗಿ ಕಿರುಪರೀಕ್ಷೆ ಮುಗಿದಿರುತ್ತದೆ, ನಾವಿನ್ನೂ ಎಸ್‌ಎಂಎಸ್ ಕಾಯುತ್ತಿರುತ್ತೇವೆ. ಮನೆಯವರಿಗೆ ಇದೇ ದಿಗಿಲು. ಗಾಬರಿಯಲ್ಲಿ ಖಾಸಗಿಯಲ್ಲಿ ಹಣ ಕಟ್ಟಿ, ಅಲ್ಲಿ ಮೂಲ ವರ್ಗಾವಣೆ ಪತ್ರ ಕೊಟ್ಟುಬಿಟ್ಟರೆ, ಆಮೇಲೆ ಸರ್ಕಾರಿ ಸೀಟು ಬಂದಾಗ ಅದನ್ನು ವಾಪಸ್ ತೆಗೆಯುವುದೇ ಒಂದು ಕೆಲಸ. ಮೂಲ ದಾಖಲೆ ಎಲ್ಲಿ ಕೊಟ್ಟರೂ ಮೊದಲು ಸ್ಕ್ಯಾನ್ ಮಾಡಿ, ಐದು ಝೆರಾಕ್ಸ್ ಇಟ್ಟುಕೊಂಡು, ಕೊಟ್ಟದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ.

ಖರ್ಚಿನ ವಿಷಯ. ಸರ್ಕಾರಿ ಐಟಿಐಯಲ್ಲಿ ಬೋಧನಾ ಶುಲ್ಕ ಹಗುರ. ಜೇಬಿಗೆ ತಾಗುವುದು ಬೇರೆಯವು: ಬಾಯ್ಲರ್ ಸೂಟ್ ಅಥವಾ ವರ್ಕ್‌ಶಾಪ್ ಯೂನಿಫಾರ್ಮ್, ಸೇಫ್ಟಿ ಶೂ, ಕನ್ನಡಕ, ಡ್ರಾಯಿಂಗ್ ಸಾಮಗ್ರಿ, ರೆಕಾರ್ಡ್ ಪುಸ್ತಕ, ದಿನದ ಓಡಾಟ. ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ 2023ರಿಂದ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ, ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಸೇಫ್ಟಿ ಶೂನಲ್ಲಿ ಉಳಿತಾಯ ಮಾಡಬೇಡಿ. ಎರಡು ಕಿಲೋ ತೂಕದ ವಿ-ಬ್ಲಾಕ್ (ದುಂಡು ತುಂಡು ಕೂರಿಸುವ ಲೋಹದ ದಿಮ್ಮಿ) ಕಾಲ ಮೇಲೆ ಬೀಳುವುದು ಒಮ್ಮೆ ಸಾಕು. ಸ್ವಂತಕ್ಕೆ ಒಂದು 150 ಎಂಎಂ ಸ್ಟೀಲ್ ರೂಲ್, ಲೋಹದ ಮೇಲೆ ಗೆರೆ ಎಳೆಯುವ ಒಂದು ಸ್ಕ್ರೈಬರ್, 90 ಡಿಗ್ರಿ ನೋಡುವ ಒಂದು ಒಳ್ಳೆಯ ಟ್ರೈ ಸ್ಕ್ವೇರ್ ಇರಲಿ. ವರ್ಕ್‌ಶಾಪಿನ ಟ್ರೈ ಸ್ಕ್ವೇರ್‌ಗಳು ಎಷ್ಟೋ ಸಲ ನೆಲಕ್ಕೆ ಬಿದ್ದವು, ಅದನ್ನು ನಂಬಿ ಉಜ್ಜಿದರೆ ತಪ್ಪು ನಿಮ್ಮದಲ್ಲದಿದ್ದರೂ ಅಂಕ ನಿಮ್ಮದು ಹೋಗುತ್ತದೆ. ಪರೀಕ್ಷಿಸುವುದು ಸುಲಭ: ನೇರ ಅಂಚಿರುವ ತಗಡಿಗೆ ಸ್ಕ್ವೇರಿನ ದಪ್ಪ ಭಾಗವಾದ ಸ್ಟಾಕನ್ನು ಒತ್ತಿ ಬ್ಲೇಡಿನ ಗುಂಟ ಒಂದು ಗೆರೆ ಎಳೆಯಿರಿ, ಸ್ಕ್ವೇರನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಮೇಲೆ ಹೋದಂತೆ ದೂರವಾದರೆ, ಸ್ಕ್ವೇರಿನ ದೋಷ ಆ ಅಂತರದ ಅರ್ಧ.

ಇನ್ನು ವರ್ಕ್‌ಶಾಪ್. ಎರಡು ವರ್ಷದ ಪಠ್ಯದಲ್ಲಿ ವರ್ಷಕ್ಕೆ 1,200 ಗಂಟೆ, ಅದರಲ್ಲಿ ದೊಡ್ಡ ಪಾಲು ಪ್ರಾಕ್ಟಿಕಲ್. ಮೊದಲ ವಾರಗಳಲ್ಲಿ ಬೇರೇನೂ ಇಲ್ಲ, ಅರ ಹಾಕುವುದು, ಅಂದರೆ ಫೈಲಿಂಗ್. ಒಂದು ಎಂ.ಎಸ್. ಫ್ಲಾಟ್ (ಮೈಲ್ಡ್ ಸ್ಟೀಲ್ ಪಟ್ಟಿ) ಕೊಟ್ಟು ಮಟ್ಟ ಮಾಡು ಅಂತಾರೆ. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ, ಸಂಜೆಗೆ ಭುಜ ಎತ್ತಲಾಗುವುದಿಲ್ಲ. ಇದೇನು ಕೂಲಿ ಕೆಲಸವಾ ಅಂತ ಬಿಟ್ಟು ಹೋಗುವವರು ಈ ಹಂತದಲ್ಲೇ ಹೋಗುತ್ತಾರೆ. ಬೊಬ್ಬೆ ಎರಡು ವಾರಕ್ಕೆ ಗಟ್ಟಿಯಾಗುತ್ತದೆ. ಆದರೆ ಜಾಬ್, ಅಂದರೆ ಉಜ್ಜುತ್ತಿರುವ ತುಂಡು, ಮಟ್ಟವಾಗದಿರುವುದಕ್ಕೆ ಕೈ ನೋವು ಕಾರಣವಲ್ಲ, ನಿಲುವು ಕಾರಣ.

ವೈಸಿನ ಬಾಯಿ ನಿಮ್ಮ ಮೊಣಕೈ ಎತ್ತರಕ್ಕೆ ಬರಬೇಕು. ಗಿಡ್ಡವರು ಕಾಲಡಿ ಹಲಗೆ ಹಾಕಿಕೊಳ್ಳಲು ನಾಚಬಾರದು. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಡ, ಹಿಂದಕ್ಕೆ ಎಳೆಯುವಾಗ ಸುಮ್ಮನೆ ಜಾರಿಸಬೇಕು. ಹಿಂದಕ್ಕೂ ಒತ್ತಿದರೆ ಹಲ್ಲು ಮೊಂಡಾಗುತ್ತದೆ ಅಷ್ಟೇ, ಲೋಹ ಹೋಗುವುದಿಲ್ಲ. ತಳ್ಳಲು ಶುರು ಮಾಡಿದಾಗ ಭಾರ ಎಡಗೈ ಮೇಲೆ, ಅಂದರೆ ಅರದ ತುದಿಯ ಮೇಲೆ ಇರುತ್ತದೆ. ಮಧ್ಯಕ್ಕೆ ಬಂದಾಗ ಎರಡೂ ಕೈಗೆ ಸಮ, ಮುಗಿಯುವಾಗ ಬಲಗೈಗೆ. ಈ ಬದಲಾವಣೆ ಕೈಗೆ ಕೂರದಿದ್ದರೆ ಅರ ತೊಟ್ಟಿಲಿನಂತೆ ತೂಗಿ ಜಾಬಿನ ಎರಡು ಅಂಚು ಹೆಚ್ಚು ತಿಂದು ನಡುವೆ ಉಬ್ಬು ಉಳಿಯುತ್ತದೆ. ಹೊಸಬರ ಎಲ್ಲ ಜಾಬೂ ಹೀಗೆ ಉಬ್ಬಿಯೇ ಇರುತ್ತದೆ. ಸ್ಟ್ರೈಟ್ ಎಡ್ಜ್ ಇಟ್ಟು ಬೆಳಕಿಗೆ ಹಿಡಿದರೆ ಎರಡು ತುದಿಯಲ್ಲಿ ಬೆಳಕು ನುಸುಳುತ್ತದೆ. ನಿಮಿಷಕ್ಕೆ 40ರಿಂದ 60 ಹೊಡೆತ ಸಾಕು, ಅವಸರ ಮಾಡಿದಷ್ಟೂ ತೂಗಾಟ ಜಾಸ್ತಿ. ಲೋಹದ ಪುಡಿ ಅರದ ಹಲ್ಲಿನಲ್ಲಿ ಸಿಕ್ಕಿ ಜಾಬಿನ ಮೇಲೆ ಆಳವಾದ ಗೀರು ಬೀಳಿಸುತ್ತದೆ. ಫಿನಿಶಿಂಗಿಗೆ ಮುಂಚೆ ಸ್ಮೂತ್ ಅರಕ್ಕೆ ಸೀಮೆಸುಣ್ಣ ಸವರಿ, ಆಗಾಗ ಫೈಲ್ ಕಾರ್ಡ್ ಅನ್ನುವ ತಂತಿ ಬ್ರಷ್ಷಿನಿಂದ ಉಜ್ಜಿ.

ಕ್ರಮ ಇನ್ನೂ ಮುಖ್ಯ. ಮೊದಲು ಅಗಲವಾದ ಒಂದು ಮುಖವನ್ನು ಮಟ್ಟ ಮಾಡಿ ಅದಕ್ಕೆ ಎ ಅಂತ ಗುರುತು ಹಾಕಬೇಕು. ಅದಕ್ಕೆ 90 ಡಿಗ್ರಿಯಲ್ಲಿ ಬಿ ಅಂಚು, ಎ ಮತ್ತು ಬಿ ಎರಡಕ್ಕೂ 90 ಡಿಗ್ರಿಯಲ್ಲಿ ಸಿ ಅಂಚು. ಉಳಿದ ಅಳತೆಯೆಲ್ಲ ಇವುಗಳಿಂದಲೇ. ದಾಖಲೆಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹೇಗೋ ಜಾಬಿನಲ್ಲಿ ಎ ಮುಖ ಹಾಗೆ. ಅದರಲ್ಲಿ ಎಂಎಂನ ಹತ್ತನೇ ಒಂದು ಭಾಗ ಓರೆ ಉಳಿದರೆ, ಪೂರ್ತಿ ಮಟ್ಟವಾದ ಸರ್ಫೇಸ್ ಪ್ಲೇಟಿನ ಮೇಲೆ ಇಟ್ಟು ಎತ್ತರ ಗುರುತಿಸುವ ಹೈಟ್ ಗೇಜಿನಿಂದ ಎಳೆದ ಪ್ರತಿ ಗೆರೆಯಲ್ಲೂ ಆ ಓರೆ ಬರುತ್ತದೆ, ಕೊನೆಗೆ ಜೋಡಣೆ ಕೂರುವುದಿಲ್ಲ. ಕೂರದ ಜಾಗವನ್ನು ಹುಡುಕಿ ಹುಡುಕಿ ಅಲ್ಲಿ ಉಜ್ಜುತ್ತಾ ಹೋಗುತ್ತೇವೆ, ತಪ್ಪು ಇದ್ದದ್ದು ಮೊದಲನೇ ದಿನ.

ಆಮೇಲೆ ಹ್ಯಾಕ್ಸಾ, ಡ್ರಿಲ್ಲಿಂಗ್, ಟ್ಯಾಪಿಂಗ್. ಇಲ್ಲಿ ಹಾಳಾಗುವ ಸಾಮಾನು ಟ್ಯಾಪ್, ಅಂದರೆ ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ. ಎಂ10, ಅಂದರೆ 10 ಎಂಎಂ ಬೋಲ್ಟಿನ ಥ್ರೆಡ್ಡಿನ ಪಿಚ್ (ಸುತ್ತಿನಿಂದ ಸುತ್ತಿಗೆ ಅಂತರ) 1.5, ಅದನ್ನು 10ರಲ್ಲಿ ಕಳೆದರೆ ರಂಧ್ರ 8.5 ಎಂಎಂ. ಎಂ8ಕ್ಕೆ 6.8, ಎಂ6ಕ್ಕೆ 5. ಸ್ಟೋರಿನಲ್ಲಿ 8.5 ಇಲ್ಲ ಅಂತ 8ರ ಬಿಟ್ ಹಾಕಿದರೆ ಟ್ಯಾಪ್ ಬಿಗಿದು ಮುರಿಯುತ್ತದೆ, 9 ಹಾಕಿದರೆ ಥ್ರೆಡ್ಡಿನ ಆಳ ಸಾಲದೆ ಬೋಲ್ಟ್ ಕಿತ್ತುಬರುತ್ತದೆ. ಮೊದಲ ಟ್ಯಾಪ್ ಎರಡು ಸುತ್ತು ಹಿಡಿದ ಕೂಡಲೇ ವ್ರೆಂಚ್ ತೆಗೆದು ಟ್ರೈ ಸ್ಕ್ವೇರ್ ಇಟ್ಟು ಎರಡು ಕಡೆಯಿಂದ ನೋಡಬೇಕು. ಓರೆಯಿದ್ದರೆ ತಿದ್ದಲು ಆಗಷ್ಟೇ ಅವಕಾಶ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎಣ್ಣೆ ಬಿಡುತ್ತಾ. ಹಿಂದೆ ತಿರುಗಿಸುವುದು ಚಿಪ್ ಮುರಿಯಲು. ಟ್ಯಾಪ್ ಮುರಿದು ಒಳಗೆ ಉಳಿದರೆ ಅದನ್ನು ಡ್ರಿಲ್ ಮಾಡಿ ತೆಗೆಯಲಾಗದು, ಅದೂ ಬಿಟ್ಟಿನಷ್ಟೇ ಗಟ್ಟಿ. ಪರೀಕ್ಷೆಯ ದಿನ ಹೀಗಾದವರ ಮುಖ ನೋಡಲಾಗುವುದಿಲ್ಲ.

ಡ್ರಿಲ್ ಬಿಟ್ಟಿನ ತುದಿ ಕೋನ 118 ಡಿಗ್ರಿ. ಗ್ರೈಂಡರಿಗೆ ಹಿಡಿದು ಸಾಣೆ ಕೊಡುವಾಗ ಎರಡು ಲಿಪ್ (ಕತ್ತರಿಸುವ ಅಂಚು) ಸಮ ಬರದಿದ್ದರೆ 8.5ರ ಬಿಟ್ ಹೆಚ್ಚು ದೊಡ್ಡ ರಂಧ್ರ ಕೊರೆಯುತ್ತದೆ. ಹೊಸದಾಗಿ ಸಾಣೆ ಹಿಡಿದ ಬಿಟ್ಟನ್ನು ಮೊದಲು ಸ್ಕ್ರ್ಯಾಪಿನ ಮೇಲೆ ಹಾಕಿ, ವರ್ನಿಯರಿನಿಂದ ಅಳೆದು, ಆಮೇಲೆ ಜಾಬಿಗೆ. ವೇಗದ ಲೆಕ್ಕ ಥಿಯರಿಯಲ್ಲಿ ಮಾತ್ರ ಇರುವ ಸೂತ್ರ ಅಂತ ಅಂದುಕೊಳ್ಳಬೇಡಿ: ಮೈಲ್ಡ್ ಸ್ಟೀಲಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿನ ಅಂಚಿನ ವೇಗ ನಿಮಿಷಕ್ಕೆ 30 ಮೀಟರ್ ಹಿಡಿದರೆ 10 ಎಂಎಂ ಬಿಟ್ಟಿಗೆ ಸುಮಾರು 955 ಆರ್‌ಪಿಎಂ. ಬೆಲ್ಟ್ ಬದಲಿಸಲು ಬೇಸರಪಟ್ಟು ಅದೇ ವೇಗದಲ್ಲಿ 3 ಎಂಎಂ ಬಿಟ್ ಹಾಕಿ ಕೈಯಿಂದ ಒತ್ತಿದರೆ ಅದು ಬಾಗಿ ಮುರಿಯುತ್ತದೆ, 20 ಎಂಎಂ ಬಿಟ್ ಹಾಕಿದರೆ ಅಂಚು ಸುಟ್ಟು ನೀಲಿಯಾಗುತ್ತದೆ. ಡ್ರಿಲ್ಲಿಂಗ್ ಮೆಷಿನ್ನಿನ ಹತ್ತಿರ ಗ್ಲೌಸ್ ಬೇಡ, ಜಾಬನ್ನು ಕೈಯಲ್ಲಿ ಹಿಡಿಯುವುದೂ ಬೇಡ.

ಮೇಲ್-ಫೀಮೇಲ್ ಫಿಟ್ಟಿಂಗ್ ಮೊದಲ ವರ್ಷದ ನಿಜವಾದ ಪರೀಕ್ಷೆ. ಒಂದು ತುಂಡಿನಲ್ಲಿ ಚೌಕ ಅಥವಾ ಡವ್‌ಟೇಲ್ (ಪಾರಿವಾಳದ ಬಾಲದಾಕಾರದ) ಉಬ್ಬು, ಇನ್ನೊಂದರಲ್ಲಿ ಅದು ಕೂರುವ ಕಚ್ಚು, ಅಳತೆಗೆ ಬಿಡುವ ವ್ಯತ್ಯಾಸ ಎಂಎಂನ ನೂರನೇ ಭಾಗಗಳಲ್ಲಿ. ಮೇಲ್ ತುಂಡನ್ನು ಮೊದಲು ಅಳತೆಗೆ ಮುಗಿಸಿ, ಆಮೇಲೆ ಅದನ್ನೇ ಗೇಜ್ ಮಾಡಿಕೊಂಡು ಫೀಮೇಲ್ ಉಜ್ಜಬೇಕು. ಹೊರಗಿನ ಅಂಚಿಗೆ ಮೈಕ್ರೋಮೀಟರ್ ಹತ್ತುತ್ತದೆ, ಒಳಗಿನ ಕಚ್ಚಿಗೆ ಹತ್ತುವುದಿಲ್ಲ, ಅದಕ್ಕೇ ಈ ಕ್ರಮ. ಎರಡನ್ನೂ ಒಟ್ಟಿಗೆ ಸ್ವಲ್ಪ ಸ್ವಲ್ಪ ಉಜ್ಜಿದರೆ ಯಾವುದು ತಪ್ಪು ಅಂತ ಗೊತ್ತಾಗುವುದೇ ಇಲ್ಲ. ಒಳಮೂಲೆಯಲ್ಲಿ 3 ಎಂಎಂ ರಿಲೀಫ್ ರಂಧ್ರ ಹಾಕುವುದನ್ನು ಮರೆತರೆ ಅರದ ಅಂಚು ಮೂಲೆಯವರೆಗೆ ಹೋಗದು, ಅಲ್ಲೇ ತಡೆದು ಮೇಲ್ ತುಂಡು ತಳ ಮುಟ್ಟುವುದಿಲ್ಲ. ಕಚ್ಚಿನ ಲೋಹ ತೆಗೆಯಲು ಸಾಲಾಗಿ ಚೈನ್ ಡ್ರಿಲ್ ಮಾಡುವಾಗ ಗೆರೆಯಿಂದ ಕನಿಷ್ಠ ಅರ್ಧ ಎಂಎಂ ಒಳಗೇ ಇರಿ. ತಾಗದ ಜಾಗ ಕಾಣಲು ಪ್ರಷ್ಯನ್ ಬ್ಲೂ ಬಣ್ಣ ತೆಳ್ಳಗೆ ಸವರಿ. ದಪ್ಪ ಸವರಿದರೆ ಎಲ್ಲ ಕಡೆ ತಾಗಿದಂತೆ ಸುಳ್ಳು ಹೇಳುತ್ತದೆ. ಡ್ರಿಲ್ ಮಾಡಿ ಬಿಸಿಯಿರುವಾಗಲೇ ಅಳೆಯಬೇಡಿ. 50 ಎಂಎಂ ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.012 ಎಂಎಂ ಹಿಗ್ಗುತ್ತದೆ, 0.04ರ ಒಳಗೆ ಇರಬೇಕಾದ ಜಾಗದಲ್ಲಿ ಅದು ಕಾಲು ಭಾಗಕ್ಕಿಂತ ಜಾಸ್ತಿ.

ಶೀಟ್ ಮೆಟಲ್, ವೆಲ್ಡಿಂಗ್, ಲೇಥ್ ಬಂದು ಹೋಗುತ್ತವೆ. ಎರಡನೇ ವರ್ಷ ಬೇರಿಂಗ್, ನ್ಯೂಮ್ಯಾಟಿಕ್ಸ್, ಹೈಡ್ರಾಲಿಕ್ಸ್, ಯಂತ್ರ ಬಿಚ್ಚಿ ಜೋಡಿಸುವುದು. ಕೈ ಅಷ್ಟರಲ್ಲಿ ಪಳಗಿರುವುದರಿಂದ ಅದು ಬೇಗ ಸಾಗುತ್ತದೆ. ಪಠ್ಯದಲ್ಲಿ ವರ್ಷಕ್ಕೆ 150 ಗಂಟೆಯ ಆನ್ ದ ಜಾಬ್ ತರಬೇತಿ ಅಥವಾ ಗುಂಪು ಪ್ರಾಜೆಕ್ಟ್ ಇದೆ. ಕಾರ್ಖಾನೆ ಸಿಕ್ಕರೆ ಪ್ರಾಜೆಕ್ಟ್ ಬದಲು ಅದನ್ನೇ ಆರಿಸಿ, ಅಪ್ರೆಂಟಿಸ್‌ಗೆ ಕೇಳಿಕೊಂಡು ಹೋಗಲು ಆಗ ಒಂದು ಬಾಗಿಲು ತೆರೆದಿರುತ್ತದೆ.

ಪುಸ್ತಕಕ್ಕೆ ಅಲೆಯಬೇಕಿಲ್ಲ. ಚೆನ್ನೈನ ನಿಮಿ ಸಂಸ್ಥೆಯ ಟ್ರೇಡ್ ಥಿಯರಿ, ಟ್ರೇಡ್ ಪ್ರಾಕ್ಟಿಕಲ್ ಪುಸ್ತಕಗಳೇ ಆಧಾರ. ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಪ್ರಶ್ನೆ ಸಂಗ್ರಹ ಉಚಿತವಾಗಿದೆ. ಪದಗಳನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡರೂ ಇಂಗ್ಲಿಷ್ ಹೆಸರು ಗೊತ್ತಿರಲೇಬೇಕು, ಕಾರ್ಖಾನೆಯ ಡ್ರಾಯಿಂಗ್ ಇರುವುದು ಅದರಲ್ಲೇ.

ಪರೀಕ್ಷೆಗೆ ಮುಂಚೆ ಎರಡು ವಿಷಯ. ಹಾಜರಾತಿ ಶೇಕಡಾ 80 ಬೇಕು. ಇನ್ನೊಂದು, ವರ್ಷವಿಡೀ ನಡೆಯುವ ಫಾರ್ಮೇಟಿವ್ ಅಸೆಸ್‌ಮೆಂಟ್. ಅದರಲ್ಲೂ ಪ್ರಾಕ್ಟಿಕಲ್‌ನಲ್ಲೂ ಪಾಸಾಗಲು ಶೇಕಡಾ 60, ಉಳಿದ ವಿಷಯಗಳಿಗೆ 33. ಎಸ್ಸೆಸ್ಸೆಲ್ಸಿಯ ಪಾಸ್ ಅಂಕದ ಲೆಕ್ಕ ತಲೆಯಲ್ಲಿಟ್ಟುಕೊಂಡು ಬಂದವರು ಮೋಸ ಹೋಗುವುದು ಇಲ್ಲಿ. ಥಿಯರಿ ಕಂಪ್ಯೂಟರಿನಲ್ಲಿ, ಸೆಂಟರ್ ಬೇರೆ ಊರಿನಲ್ಲಿ ಬೀಳಬಹುದು, ಬೆಳಗಿನ ಮೊದಲ ಬಸ್ಸಿನ ಸಮಯ ಹಿಂದಿನ ದಿನವೇ ವಿಚಾರಿಸಿ. ಹಾಲ್ ಟಿಕೆಟ್ ಬಂದ ದಿನವೇ ಹೆಸರು, ತಂದೆ ಹೆಸರು, ಜನ್ಮದಿನಾಂಕ, ಟ್ರೇಡ್, ಫೋಟೊ ಎಲ್ಲ ಓದಿ. ಸರ್ಟಿಫಿಕೇಟ್ ಮುದ್ರಣವಾಗುವುದು ಇದೇ ಮಾಹಿತಿಯಿಂದ, ಆಗ ಹಿಡಿದ ತಪ್ಪು ಸಂಸ್ಥೆಯ ಲಾಗಿನ್‌ನಲ್ಲಿ ತಿದ್ದುವುದು ಸುಲಭ, ಮುದ್ರಣದ ನಂತರ ದೂರು ನೀಡಿ ಕಾಯಬೇಕು.

ಪ್ರಾಕ್ಟಿಕಲ್ ದಿನ ಡ್ರಾಯಿಂಗ್ ಕೈಗೆ ಬಂದ ತಕ್ಷಣ ಅರ ಎತ್ತಬೇಡಿ. ಹತ್ತು ನಿಮಿಷ ಅದನ್ನೇ ನೋಡಿ, ಯಾವ ಅಳತೆ ಯಾವ ಮುಖದಿಂದ ಅಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಕೊಟ್ಟ ಕಚ್ಚಾ ತುಂಡು ಅಳತೆಗೆ ಸಾಲುತ್ತದೆಯೇ ಮೊದಲೇ ಅಳೆಯಿರಿ; ಕಡಿಮೆ ಇದ್ದರೆ ಬದಲಿಸಿಕೊಳ್ಳಲು ಆಗಲೇ ಕೇಳಬೇಕು, ಉಜ್ಜಿದ ಮೇಲೆ ಯಾರೂ ಒಪ್ಪುವುದಿಲ್ಲ. ಮೈಕ್ರೋಮೀಟರಿನ ಜೀರೋ ದೋಷ ನೋಡಿಕೊಳ್ಳಿ. ಗುರುತಿನ ನಂಬರ್ ಪಂಚ್ ಮಾಡಿದ ಮುಖ ಉಜ್ಜಿ ಹೋಗದಂತೆ ಜೋಪಾನ. ಕೊನೆಯ ಅರ್ಧ ಗಂಟೆ ಬರ್ (ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು) ತೆಗೆಯಲು, ಒರೆಸಿ ಎಣ್ಣೆ ಹಚ್ಚಲು ಮೀಸಲಿಡಿ. ಬರ್ ಉಳಿದ ಜಾಬ್ ಅಳತೆಯಲ್ಲಿ ಸರಿಯಿದ್ದರೂ ವರ್ನಿಯರಿನ ಬಾಯಿಗೆ ಆ ಬರ್ ಸಿಕ್ಕಿ ದೊಡ್ಡದಾಗಿ ಓದುತ್ತದೆ.

ಫಲಿತಾಂಶದ ಕಾಯುವಿಕೆ ಅತ್ಯಂತ ಬೇಸರದ್ದು. ದಿನಾಂಕ ಯಾರಿಗೂ ಗೊತ್ತಿಲ್ಲ, ದಿನಕ್ಕೊಂದು ವದಂತಿ. ಅಷ್ಟರಲ್ಲಿ ಜಾಹೀರಾತುಗಳ ಕೊನೆಯ ದಿನಾಂಕ ದಾಟಿ ಹೋಗುತ್ತವೆ. ಈ ಬಿಡುವಿನಲ್ಲಿ ಮಾಡಬೇಕಾದ ಕೆಲಸ ಒಂದಿದೆ: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಅಂತ ಬ್ಯಾಂಕಿನಲ್ಲೇ ವಿಚಾರಿಸುವುದು. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ನೇರ ನಗದು ವರ್ಗಾವಣೆಗೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಖಾತೆಯ ಮ್ಯಾಪಿಂಗ್ ಆಗಿರುವುದು ಬೇರೆ. ವಿದ್ಯಾರ್ಥಿವೇತನ ಮಂಜೂರಾಗಿಯೂ ಬಾರದಿರುವುದಕ್ಕೆ ಎಷ್ಟೋ ಸಲ ಕಾರಣ ಇದೇ, ಮುಂದೆ ಅಪ್ರೆಂಟಿಸ್‌ಗೆ ಕೊಡುವ ಸ್ಟೈಪೆಂಡ್‌ಗೂ ಇದೇ ಬೇಕು.

ಅಪ್ರೆಂಟಿಸ್ ಹಂತ 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ ನಡೆಯುತ್ತದೆ. 30 ಅಥವಾ ಹೆಚ್ಚು ಜನರಿರುವ ಕಾರ್ಖಾನೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು, ನಾಲ್ಕು ಅಥವಾ ಹೆಚ್ಚು ಜನರಿರುವ ಸಣ್ಣ ಶೆಡ್ಡುಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಐಟಿಐ ಫಿಟ್ಟರ್ ಮುಗಿಸಿದವರಿಗೆ ಅವಧಿ ಒಂದು ವರ್ಷ. ಹುಬ್ಬಳ್ಳಿ ಕೇಂದ್ರವಿರುವ ನೈಋತ್ಯ ರೈಲ್ವೆಯಂಥ ಕಡೆ ಲಿಖಿತ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯಿಂದಲೇ ಪಟ್ಟಿ ಮಾಡುತ್ತಾರೆ. ಪಾಸಾದರೆ ಸಾಕು ಅಂತ ಥಿಯರಿ ಬಿಟ್ಟವರು ಕೈಕೈ ಹಿಸುಕಿಕೊಂಡದ್ದು ಆಗ. ವಯಸ್ಸನ್ನೂ ನೋಡಿಕೊಳ್ಳಿ, ಅಪಾಯಕಾರಿ ಕೆಲಸವಿರುವ ಕಡೆ 18 ತುಂಬಿರಬೇಕು, 15ಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದವರು ಐಟಿಐ ಮುಗಿಸುವಾಗ ಇನ್ನೂ 17.

ಕಾರ್ಖಾನೆ ಸಿಕ್ಕ ಸಂತೋಷದಲ್ಲಿ ಬಹಳ ಜನ ಎಡವುವುದು ಕಾಂಟ್ರಾಕ್ಟಿನಲ್ಲಿ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಕಾಂಟ್ರಾಕ್ಟ್ ತಯಾರಾಗಿ, ನೀವು ಒಪ್ಪಿ, ನೋಂದಣಿಯಾಗಿ ನಂಬರ್ ಬಂದರೆ ಮಾತ್ರ ನೀವು ಅಪ್ರೆಂಟಿಸ್. ಅದಿಲ್ಲದೆ ಗೇಟ್ ಪಾಸ್ ಕೊಟ್ಟು ಯೂನಿಫಾರ್ಮ್ ಹಾಕಿಸಿದರೆ ನೀವು ಕಡಿಮೆ ಸಂಬಳದ ಹೆಲ್ಪರ್, ಅಷ್ಟೇ. ಮೊದಲು ಕೆಲಸಕ್ಕೆ ಬನ್ನಿ, ಪೇಪರ್ ಆಮೇಲೆ ಮಾಡೋಣ ಅಂತ ಹೇಳಿದ ಒಂದು ಕಡೆ ನಮ್ಮವರು ಕೆಲವರು ತಿಂಗಳುಗಟ್ಟಲೆ ದುಡಿದರು. ಆ ತಿಂಗಳುಗಳು ಅವಧಿಯ ಲೆಕ್ಕಕ್ಕೆ ಬರಲಿಲ್ಲ. ಕಾಂಟ್ರಾಕ್ಟಿನಲ್ಲಿ ಟ್ರೇಡ್ ಫಿಟ್ಟರ್ ಅಂತಲೇ ಇದೆಯೇ ನೋಡಿ. ಡೆಸಿಗ್ನೇಟೆಡ್ (ಸರ್ಕಾರ ಗೊತ್ತುಪಡಿಸಿದ) ಟ್ರೇಡ್ ಬದಲು ಬೇರೆ ಯಾವುದೋ ಐಚ್ಛಿಕ ಟ್ರೇಡ್ ಹಾಕಿದ್ದರೆ ಸಿಗುವ ಸರ್ಟಿಫಿಕೇಟೂ ಬೇರೆ.

2019ರ ನಿಯಮದಲ್ಲಿ ಐಟಿಐ ಸರ್ಟಿಫಿಕೇಟ್ ಇರುವವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ನಿಗದಿಯಾಗಿತ್ತು. ನಿಮ್ಮ ಕಾಂಟ್ರಾಕ್ಟಿನಲ್ಲಿ ಬರೆದಿರುವ ಮೊತ್ತವೇ ಅಂತಿಮ, ಅದನ್ನು ಓದಿಕೊಳ್ಳಿ. 7,000ದ ಕಾಂಟ್ರಾಕ್ಟಿಗೆ ಮೊದಲ ತಿಂಗಳು ಖಾತೆಗೆ 5,500 ಮಾತ್ರ ಬಂದಾಗ ಜಗಳಕ್ಕೆ ಹೋಗುವ ಮುಂಚೆ ಒಂದು ಮಾತು. ಕೇಂದ್ರದ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆಯಲ್ಲಿ ಸ್ಟೈಪೆಂಡಿನ ಶೇಕಡಾ 25, ಗರಿಷ್ಠ 1,500 ರೂಪಾಯಿಯನ್ನು ಸರ್ಕಾರ ನೇರವಾಗಿ ನಿಮ್ಮ ಆಧಾರ್ ಜೋಡಿತ ಖಾತೆಗೆ ಹಾಕುತ್ತದೆ. ಕಂಪನಿಯ ಹಣ ಒಂದು ದಿನ, ಸರ್ಕಾರದ್ದು ಇನ್ನೊಂದು ದಿನ, ಕೆಲವೊಮ್ಮೆ ಇನ್ನೊಂದು ಬ್ಯಾಂಕಿನ ಹಳೆಯ ಖಾತೆಗೆ. ಎರಡನ್ನೂ ನೋಡಿ ಆಮೇಲೆ ಎಚ್‌ಆರ್ ಹತ್ತಿರ ಹೋಗಿ. ಬಾಡಿಗೆ ಕೊಟ್ಟು ಬೆಂಗಳೂರಿನಲ್ಲಿ ಇರುವವರಿಗೆ ಈ ಹಣ ಸಾಲುವುದಿಲ್ಲ, ಸತ್ಯ. ಕ್ಯಾಂಟೀನ್, ಬಸ್ ಕೊಡುವ ಕಾರ್ಖಾನೆ ಎರಡು ಸಾವಿರ ಹೆಚ್ಚು ಕೊಡುವ ಕಾರ್ಖಾನೆಗಿಂತ ಲೇಸು.

ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವ. ಆದ್ದರಿಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸದ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಕಾರ್ಖಾನೆಯದು. ಅವಧಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕೆಂದು ಕಾಂಟ್ರಾಕ್ಟಿನಲ್ಲಿ ಇಲ್ಲದಿದ್ದರೆ ಕೇಳಲು ಬರುವುದಿಲ್ಲ. ಇಡೀ ವರ್ಷ ಒಂದೇ ಪ್ಯಾಕಿಂಗ್ ಟೇಬಲ್ಲಿನಲ್ಲಿ ನಿಲ್ಲಿಸಿದರೆ ಫಿಟ್ಟಿಂಗ್ ಕಲಿತಂತಾಗುವುದಿಲ್ಲ, ಮೂರನೇ ತಿಂಗಳಲ್ಲಿ ಮೇಂಟೆನೆನ್ಸ್ ಅಥವಾ ಅಸೆಂಬ್ಲಿಗೆ ಬದಲಿಸಿ ಅಂತ ಲಿಖಿತವಾಗಿ ಕೇಳಿ. ಮೇಂಟೆನೆನ್ಸ್ ಸಿಕ್ಕರೆ ಬಿಡಬೇಡಿ. ಬೇರಿಂಗ್ ಬದಲಿಸುವುದು, ಕಪ್ಲಿಂಗ್ ಅಲೈನ್ ಮಾಡುವುದು, ಹೈಡ್ರಾಲಿಕ್ ಸೋರಿಕೆ ಹುಡುಕುವುದು, ಒಂದೊಂದು ಬ್ರೇಕ್‌ಡೌನೂ ಒಂದೊಂದು ಪಾಠ.

ಕೊನೆಯ ಅಡಚಣೆ ಲಾಗ್‌ಬುಕ್. ದಿನವೂ ಮಾಡಿದ ಕೆಲಸವನ್ನು ಬರೆದು ಸೂಪರ್‌ವೈಸರ್ ಸಹಿ ಹಾಕಿಸಬೇಕು. ಎಲ್ಲರೂ ಮುಂದೂಡುತ್ತಾರೆ. ಹನ್ನೊಂದನೇ ತಿಂಗಳಲ್ಲಿ ಒಟ್ಟಿಗೆ ಬರೆಯಲು ಕೂತಾಗ ಆ ಸೂಪರ್‌ವೈಸರ್ ಕೆಲಸ ಬಿಟ್ಟು ಹೋಗಿರುತ್ತಾರೆ. ಪ್ರತಿ ಶನಿವಾರ ಐದು ನಿಮಿಷ, ಅಲ್ಲೇ ಸಹಿ. ಅವಧಿ ಮುಗಿದ ಮೇಲೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟಿಗೆ ಇನ್ನೊಂದು ಪರೀಕ್ಷೆ ಇದೆ, ಅದು ನಿಮ್ಮ ಅವಧಿ ಮುಗಿದ ಮರುದಿನವೇ ಇರುವುದಿಲ್ಲ. ಕಾರ್ಖಾನೆಯವರು ಅರ್ಹರ ಪಟ್ಟಿಯಲ್ಲಿ ನಿಮ್ಮ ಹೆಸರು ಕಳಿಸಿದ್ದಾರೆಯೇ ಅಂತ ಹೊರಡುವ ಮುಂಚೆ ಖಚಿತಪಡಿಸಿಕೊಳ್ಳಿ, ಎಚ್‌ಆರ್ ವಿಭಾಗದ ಒಬ್ಬರ ಫೋನ್ ನಂಬರ್ ಇಟ್ಟುಕೊಳ್ಳಿ. ಈ ನಡುವೆ ಓದಬೇಕೆನ್ನುವವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ (ನೇರ ಪ್ರವೇಶ) ನೋಡಬಹುದು. ಕಲಿಸುವ ಆಸೆಯಿದ್ದರೆ ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಒಂದು ವರ್ಷದ ಸಿಐಟಿಎಸ್ (ಐಟಿಐ ಬೋಧಕರ ತರಬೇತಿ) ಇದೆ. ಎರಡಕ್ಕೂ ಕೇಳುವ ಮೊದಲ ದಾಖಲೆ ಮತ್ತೆ ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಹಿಂಬದಿಗೆ ಸೀಲು ಹಾಕಬೇಕಾದಾಗ ತೊಂದರೆಯಾಗುತ್ತದೆ.